ಹತ್ತು ಲಕ್ಷ ಜಾಸ್ತಿ ಸಂಬಳ: ಗಂಟೆಗೆ ಎಷ್ಟು ಬಿತ್ತು?

ನಮ್ಮ ವಯಸ್ಸಿನವರು ನಾಲ್ಕು ಜನ ಸೇರಿದರೆ ಮೊದಲು ಬರೋ ಪ್ರಶ್ನೆ ‘ಪ್ಯಾಕೇಜ್ ಎಷ್ಟು?’ ಅಂತ. ಮದುವೆ ಮಾತುಕತೆಯಲ್ಲೂ ಅದೇ, ಗೃಹಪ್ರವೇಶದ ಊಟದ ಪಂಕ್ತಿಯಲ್ಲೂ ಅದೇ. ಆ ಪ್ಯಾಕೇಜ್‌ಗೆ ಎಷ್ಟು ಗಂಟೆ ಕೊಡ್ತೀಯ, ಎಂಥ ಮ್ಯಾನೇಜರ್ ಕೈಕೆಳಗೆ ಕೊಡ್ತೀಯ ಅಂತ ಕೇಳೋರು ಕಡಿಮೆ. ಈ ಸಲ ಆ ಲೆಕ್ಕವನ್ನೇ ಹಾಕೋಣ.

ನನ್ನ ಕಾಲೇಜಿನ ಗೆಳೆಯನೊಬ್ಬ ಆರ್.ಟಿ. ನಗರದಲ್ಲಿ ಅಪ್ಪ-ಅಮ್ಮನ ಜೊತೆ ಇದ್ದಾನೆ. ಕೆಲಸ ನಾಗವಾರದ ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ, ಸಂಬಳ ವರ್ಷಕ್ಕೆ 18 ಲಕ್ಷ, ವಾರಕ್ಕೆ ಸುಮಾರು 45 ಗಂಟೆ ಕೆಲಸ. ಈಗ ಬೆಳ್ಳಂದೂರಿನ ಕಂಪನಿಯೊಂದರಿಂದ 28 ಲಕ್ಷದ ಆಫರ್ ಬಂದಿದೆ. ಮನೆಯಲ್ಲಿ ಸಂಭ್ರಮ. ಆದರೆ ಅಲ್ಲೇ ಕೆಲಸ ಮಾಡ್ತಿರೋ ಕಾಲೇಜಿನ ಸೀನಿಯರ್ ಒಬ್ಬರು ಬೇರೆಯೇ ಚಿತ್ರ ಕೊಟ್ಟರು. ವಾರಕ್ಕೆ 65 ಗಂಟೆ ಮಾಮೂಲು. ರಾತ್ರಿ ಹನ್ನೊಂದಕ್ಕೆ ಮ್ಯಾನೇಜರ್ ಮೆಸೇಜ್ ಹಾಕ್ತಾರೆ, ಹತ್ತು ನಿಮಿಷ ಬಿಟ್ಟು ‘ಎನಿ ಅಪ್‌ಡೇಟ್?’ ಅಂತಾರೆ. “ಏನ್ ಮಾಡ್ಲಿ ಮಗಾ?” ಅಂದ ಗೆಳೆಯ. ಇಬ್ಬರೂ ಕೂತು ಫೋನಿನ ಕ್ಯಾಲ್ಕುಲೇಟರ್ ತೆಗೆದೆವು.

2025–26ರ ಹೊಸ ತೆರಿಗೆ ಪದ್ಧತಿ ಹಿಡಿಯೋಣ. ಪಿಎಫ್, ವೇರಿಯಬಲ್ ಪೇ ಎಲ್ಲ ಪಕ್ಕಕ್ಕಿಟ್ಟು, ಪೂರ್ತಿ ಮೊತ್ತ ಸಂಬಳವೇ ಅಂದುಕೊಳ್ಳೋಣ. 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ, 18 ಲಕ್ಷಕ್ಕೆ ಸೆಸ್ ಸೇರಿ ತೆರಿಗೆ 1,50,800 ರೂಪಾಯಿ. 28 ಲಕ್ಷಕ್ಕೆ 4,13,400. ಅಂದರೆ ಜಾಸ್ತಿ ಬರೋ ಹತ್ತು ಲಕ್ಷದಲ್ಲಿ 2,62,600 ತೆರಿಗೆಗೇ ಹೋಯ್ತು. ಕೈಗೆ ಉಳಿಯೋದು 7,37,400.

ಈಗ ಗಂಟೆ ನೋಡಿ. ವರ್ಷಕ್ಕೆ 48 ವಾರ ಕೆಲಸ ಅಂತಿಟ್ಟುಕೊಂಡರೆ, ವಾರಕ್ಕೆ 20 ಗಂಟೆ ಹೆಚ್ಚು ಅಂದ್ರೆ ವರ್ಷಕ್ಕೆ 960 ಗಂಟೆ. 7,37,400ನ್ನು ಅದರಿಂದ ಭಾಗಿಸಿದರೆ ಗಂಟೆಗೆ ಸುಮಾರು 768 ರೂಪಾಯಿ. ಹಳೇ ಕೆಲಸದಲ್ಲಿ ಅವನಿಗೆ ಬೀಳ್ತಿದ್ದದ್ದು? ಸುಮಾರು 763! ಬಡ್ತಿ ಅಂತ ಅಂದುಕೊಂಡದ್ದು ಹಳೇ ರೇಟಿಗೇ ಮಾಡೋ ಓವರ್‌ಟೈಮ್ ಅಷ್ಟೆ. ಹೆಬ್ಬಾಳದ ಕಡೆಯಿಂದ ಬೆಳ್ಳಂದೂರಿಗೆ ರಿಂಗ್ ರೋಡಿನಲ್ಲಿ ಹೋಗಿ ಬರೋಕೆ ದಿನಕ್ಕೆ ಒಂದೇ ಗಂಟೆ ಹೆಚ್ಚು ಅಂತ ಉದಾರವಾಗಿ ಹಿಡಿದರೂ ಇನ್ನೂ 240 ಗಂಟೆ ಸೇರುತ್ತೆ. ಆಗ ಗಂಟೆಗೆ 614 ರೂಪಾಯಿ. ರೇಟ್ ಇಳಿದೇಹೋಯ್ತು.

ಹಾಗಾದರೆ ಕಾನೂನು ಏನನ್ನುತ್ತೆ? 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಅದಕ್ಕಿಂತ ಹೆಚ್ಚು ದುಡಿಸಿದರೆ ಎರಡರಷ್ಟು ಕೂಲಿ. ಓವರ್‌ಟೈಮ್‌ಗೂ ಮೂರು ತಿಂಗಳಿಗೆ 50 ಗಂಟೆಯ ಮಿತಿ ಇದೆ. ನಮ್ಮಲ್ಲಿ ಎಷ್ಟು ಜನ ಓವರ್‌ಟೈಮ್ ಅನ್ನೋ ಸಾಲನ್ನು ಪೇಸ್ಲಿಪ್‌ನಲ್ಲಿ ನೋಡಿದ್ದೀವಿ ಹೇಳಿ? ಮೇಲಿಂದ ಈ ಮಿತಿಯನ್ನೇ ಸಡಿಲಿಸೋ ಮಾತು ಪದೇ ಪದೇ ಬರ್ತಿದೆ. 2024ರ ಜುಲೈನಲ್ಲಿ ಐಟಿಯವರಿಗೆ ದಿನಕ್ಕೆ 14 ಗಂಟೆವರೆಗೆ ಅನ್ನೋ ಪ್ರಸ್ತಾವ ಬಂದು ಗಲಾಟೆ ಆಯ್ತು. 2025ರ ಜೂನ್‌ನಲ್ಲಿ ಓವರ್‌ಟೈಮ್ ಸೇರಿ 12 ಗಂಟೆ, ಮೂರು ತಿಂಗಳ ಮಿತಿ 50ರಿಂದ 144ಕ್ಕೆ ಅನ್ನೋ ಪ್ರಸ್ತಾವ ಬಂತು. ಎರಡಕ್ಕೂ ಐಟಿ ನೌಕರರ ಸಂಘ ವಿರೋಧಿಸಿತು. ವಾರಕ್ಕೆ 70 ಗಂಟೆ, 90 ಗಂಟೆ ಅನ್ನೋ ದೊಡ್ಡವರ ಮಾತುಗಳಂತೂ ನಿಮಗೆ ನೆನಪಿರುತ್ತೆ.

ದೇಹದ ಲೆಕ್ಕವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದವು. ವಾರಕ್ಕೆ 35–40 ಗಂಟೆ ದುಡಿಯೋರಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯೋರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಜಾಸ್ತಿ ಅಂತ ಅದು ಹೇಳುತ್ತೆ. ಈ ಖರ್ಚು ಆಫರ್ ಲೆಟರ್‌ನಲ್ಲಿ ಬರಲ್ಲ.

ಹಾಗಂತ ‘ದುಡ್ಡೇ ಬೇಡ, ನೆಮ್ಮದಿ ಸಾಕು’ ಅಂತ ನಾನು ಹೇಳ್ತಿಲ್ಲ. ಯಲಹಂಕದಲ್ಲಿ ಫ್ಲಾಟ್ ತಗೊಂಡು ತಿಂಗಳ ಮೊದಲ ವಾರವೇ ಇಎಂಐ ಕಟ್ಟೋರಿಗೆ ಆ ಉಪದೇಶ ಹೊಟ್ಟೆ ತುಂಬಿಸಲ್ಲ. ನನ್ನ ಹಳೇ ಸಹೋದ್ಯೋಗಿಯೊಬ್ಬಳು ಎಜುಕೇಷನ್ ಲೋನ್ ತೀರಿಸಬೇಕು ಅಂತಲೇ ಇಂಥದೊಂದು ಕೆಲಸಕ್ಕೆ ಸೇರಿದಳು. ಹದಿನೆಂಟು ತಿಂಗಳು ಅಂತ ಮೊದಲೇ ಗೆರೆ ಎಳೆದಿದ್ದಳು. ಜಾಸ್ತಿ ಬಂದ ಅಷ್ಟೂ ದುಡ್ಡು ಸಾಲಕ್ಕೇ ಹೋಯ್ತು, ಲೋನ್ ಮುಗಿದ ಮೇಲೆ ಕಡಿಮೆ ಸಂಬಳದ ಕೆಲಸಕ್ಕೆ ಹೊರಟಳು. ಅದು ಗೆದ್ದ ಲೆಕ್ಕ, ಯಾಕಂದ್ರೆ ಅದಕ್ಕೆ ಕೊನೇ ತಾರೀಖು ಇತ್ತು. ಸಂಬಳ ಏರಿದ ತಿಂಗಳೇ ದೊಡ್ಡ ಕಾರು, ದೊಡ್ಡ ಮನೆ ಅಂತ ಹೊರಟರೆ ಆಮೇಲೆ ಬಿಡಬೇಕು ಅನ್ನಿಸಿದರೂ ಬಿಡೋಕಾಗಲ್ಲ.

ಇನ್ನು ಮ್ಯಾನೇಜರ್ ವಿಷಯ. ಕೆಲಸ ಬಿಗಿಯಾಗಿ ಕೇಳೋರೆಲ್ಲ ಕೆಟ್ಟವರಲ್ಲ. ಕೋಡ್ ರಿವ್ಯೂನಲ್ಲಿ ಇಪ್ಪತ್ತು ತಪ್ಪು ತೋರಿಸಿ, ಯಾಕೆ ತಪ್ಪು ಅಂತ ಕೂರಿಸಿ ಹೇಳಿಕೊಡೋರ ಹತ್ತಿರ ಎರಡು ವರ್ಷ ಇದ್ದರೆ ಮುಂದಿನ ಹತ್ತು ವರ್ಷಕ್ಕೆ ಬಂಡವಾಳ. ರಿಲೀಸ್ ವಾರದಲ್ಲಿ ಒತ್ತಡ ಇದ್ದೇ ಇರುತ್ತೆ, ಅದು ಮುಗಿಯುತ್ತೆ. ಪ್ರತಿ ವಾರವೂ ಬೆಂಕಿ ಬಿದ್ದಿದ್ದರೆ, ನಾಲ್ಕು ಜನರ ಎದುರು ಬೈದರೆ, ರಜೆ ಕೇಳೋಕೆ ಎರಡು ದಿನ ಧೈರ್ಯ ಕೂಡಿಸಬೇಕಾದರೆ, ಅದು ಬೇರೆ ವಿಷಯ.

ಆಫರ್‌ಗೆ ಸಹಿ ಹಾಕೋ ಮೊದಲು ಇಷ್ಟು ಕೇಳಿ:

• ಈ ಹುದ್ದೆಯಲ್ಲಿ ಮೊದಲು ಇದ್ದವರು ಯಾಕೆ ಹೋದರು? ಎಷ್ಟು ದಿನ ಇದ್ದರು?
• 28ರಲ್ಲಿ ತಿಂಗಳು ತಿಂಗಳು ಖಾತೆಗೆ ಬೀಳೋದು ಎಷ್ಟು, ವೇರಿಯಬಲ್ ಎಷ್ಟು?
• ಜಾಯಿನಿಂಗ್ ಬೋನಸ್ ಇದ್ದರೆ, ಎಷ್ಟು ತಿಂಗಳೊಳಗೆ ಬಿಟ್ಟರೆ ವಾಪಸ್ ಕೊಡಬೇಕು?
• ಆನ್-ಕಾಲ್ ಎಷ್ಟು ವಾರಕ್ಕೊಮ್ಮೆ? ಮರುದಿನ ರಜೆ ಇದೆಯಾ?
• ಮನೆಯಿಂದ ಕೆಲಸಕ್ಕೆ ಎಷ್ಟು ದಿನ ಅನುಮತಿ? ಅದು ಬರವಣಿಗೆಯಲ್ಲಿ ಇದೆಯಾ?

ಈಗಾಗಲೇ ಅಂಥ ಕಡೆ ಸಿಕ್ಕಿಕೊಂಡಿದ್ದರೆ ಸಿಟ್ಟಿನಲ್ಲಿ ಪೇಪರ್ ಹಾಕಬೇಡಿ. ಮೊದಲು ಆರು ತಿಂಗಳ ಮನೆ ಖರ್ಚು ಪಕ್ಕಕ್ಕಿಡಿ. ಆ ದುಡ್ಡು ಬ್ಯಾಂಕಿನಲ್ಲಿದ್ದರೆ ‘ಈ ವಾರಾಂತ್ಯ ಆಗಲ್ಲ ಸರ್’ ಅನ್ನೋ ಮಾತು ಬಾಯಿಂದ ಸಲೀಸಾಗಿ ಬರುತ್ತೆ. ಆದರೆ ನಿದ್ದೆ ಕೆಟ್ಟಿದೆ, ಭಾನುವಾರ ಸಂಜೆಯೇ ಎದೆ ಡವಡವ ಅನ್ನುತ್ತೆ ಅಂದ್ರೆ ಆರು ತಿಂಗಳು ಕಾಯಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯವರಿಗೂ ಹೇಳಿ. ಪ್ಯಾಕೇಜ್ ಹೇಳಿಕೊಂಡು ಹೆಮ್ಮೆಪಡೋ ಅಪ್ಪ-ಅಮ್ಮನಿಗೆ ನಮ್ಮ ರಾತ್ರಿಗಳ ಬಗ್ಗೆ ಗೊತ್ತಿರಲ್ಲ.

ಗೆಳೆಯ ಇನ್ನೂ ಸಹಿ ಹಾಕಿಲ್ಲ. ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ ಅಂತ ಆಫರ್ ಲೆಟರ್‌ನಲ್ಲೇ ಬರೆದುಕೊಡಿ ಅಂತ ಕೇಳಿದ್ದಾನೆ. ಎಚ್‌ಆರ್ ‘ನೋಡ್ತೀವಿ’ ಅಂದಿದ್ದಾರಂತೆ. ನೀವೂ ಈ ವಾರ ನಿಮ್ಮ ಪೇಸ್ಲಿಪ್ ತೆಗೆದು, ಕೆಲಸ ಮಾಡಿದ ನಿಜವಾದ ಗಂಟೆಗಳಿಂದ ಭಾಗಿಸಿ ನೋಡಿ. ಬಂದ ಸಂಖ್ಯೆ ಇಷ್ಟವಾಗದಿದ್ದರೆ, ಮುಂದಿನ ಅಪ್ರೈಸಲ್‌ನಲ್ಲಿ ಸಂಬಳ ಜಾಸ್ತಿ ಕೇಳಬೇಕೋ, ಗಂಟೆ ಕಡಿಮೆ ಕೇಳಬೇಕೋ ಅನ್ನೋದು ಅದರಿಂದಲೇ ಗೊತ್ತಾಗುತ್ತೆ.