ಬೇಡನ ಭಕ್ತಿ ಮತ್ತು ಗಂಧರ್ವನ ಶಾಪ: ಭಕ್ತಿಪ್ರಧಾನ ಚಿತ್ರಗಳಲ್ಲಿ ಪ್ರಾತಿನಿಧ್ಯದ ಪ್ರಶ್ನೆ

ಧಾರ್ಮಿಕ ಕಥಾವಸ್ತುವಿನ ಚಲನಚಿತ್ರಗಳ ಚರ್ಚೆಯಲ್ಲಿ ‘ಪ್ರಾತಿನಿಧ್ಯ’ ಎಂಬ ಪರಿಕಲ್ಪನೆ ಇಂದು ಪ್ರಮುಖ ಮಾನದಂಡವಾಗಿದೆ. ಯಾವ ಸಮುದಾಯದ ಪಾತ್ರಗಳು ತೆರೆಗೆ ಬಂದಿವೆ, ಅವುಗಳಿಗೆ ಎಷ್ಟು ಅವಕಾಶ ದೊರೆತಿದೆ ಎಂದು ಎಣಿಸುವುದೇ ಬಹುತ್ವದ ಮೌಲ್ಯಮಾಪನವೆಂದು ಭಾವಿಸಲಾಗುತ್ತಿದೆ. ಈ ಎಣಿಕೆ ಅಗತ್ಯವೇ ಹೌದು. ಆದರೆ ಕನ್ನಡದ ಭಕ್ತಿಪ್ರಧಾನ ಚಿತ್ರಗಳ ಮಟ್ಟಿಗೆ ಅದು ಸಾಲದು. ಇಲ್ಲಿ ಬೇಡ, ಕುರುಬ, ಕುಂಬಾರ ಭಕ್ತರು ಗೈರುಹಾಜರಾದವರಲ್ಲ, ಅವರೇ ಕಥಾನಾಯಕರು. ಅವರಿಗೆ ಸಂದ ಗೌರವದ ಆಧಾರ ಯಾವುದು ಎಂಬುದನ್ನು ನಾವು ಕೇಳಬೇಕಾಗಿದೆ.

ಎಚ್.ಎಲ್.ಎನ್. ಸಿಂಹ ನಿರ್ದೇಶನದ ‘ಬೇಡರ ಕಣ್ಣಪ್ಪ’ (1954) ಇದಕ್ಕೆ ಉತ್ತಮ ನಿದರ್ಶನ. ಎಣಿಕೆಯ ದೃಷ್ಟಿಯಿಂದ ಈ ಚಿತ್ರ ಸುಲಭವಾಗಿ ಉತ್ತೀರ್ಣವಾಗುತ್ತದೆ. ನಾಯಕ ದಿಣ್ಣ ಬೇಡ. ದೇಗುಲದ ಅರ್ಚಕನೇ ಕಪಟಿ. ನಾಯಕನ ಪಾತ್ರದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡ ರಾಜ್‌ಕುಮಾರ್ ಈಡಿಗ ಸಮುದಾಯದವರು, ವೃತ್ತಿರಂಗಭೂಮಿಯಲ್ಲಿ ಬೆಳೆದವರು. ಕನ್ನಡ ಚಿತ್ರರಂಗದ ಸಾಮಾಜಿಕ ಚರಿತ್ರೆಯಲ್ಲಿ ಈ ಸಂಗತಿಗಳ ಮಹತ್ವವನ್ನು ಅಲ್ಲಗಳೆಯಲಾಗದು.

ಆದರೆ ಚಿತ್ರದ ಕಥಾಚೌಕಟ್ಟನ್ನು ಗಮನಿಸಬೇಕು. ದಿಣ್ಣ ಮತ್ತು ನೀಲ ದೇವಲೋಕದಿಂದ ಶಾಪಗ್ರಸ್ತರಾಗಿ ಇಳಿದು ಬೇಡರ ಕುಲದಲ್ಲಿ ಹುಟ್ಟಿದವರು. ಅಲ್ಲಿಗೆ ಬೇಡನ ಹುಟ್ಟು ಶಿಕ್ಷೆಯೆನಿಸುತ್ತದೆ, ಅವನ ಭಕ್ತಿ ಹಿಂದಿನ ಜನ್ಮದ ಉಳಿಕೆಯೆನಿಸುತ್ತದೆ. ಶಿವ ಮೆಚ್ಚಿದ್ದು ಬೇಡನನ್ನೋ, ಬೇಡನ ವೇಷದಲ್ಲಿದ್ದ ಗಂಧರ್ವನನ್ನೋ ಎಂಬ ಸಂದಿಗ್ಧತೆ ಕೊನೆಯವರೆಗೂ ಉಳಿಯುತ್ತದೆ.

ಹನ್ನೆರಡನೆಯ ಶತಮಾನದ ತಮಿಳು ‘ಪೆರಿಯ ಪುರಾಣ’ದಲ್ಲಿ ಕಣ್ಣಪ್ಪ ಬೇಡರ ಒಡೆಯನ ಮಗ; ದೇವಲೋಕದ ಶಾಪದ ಕಥೆ ಅಲ್ಲಿಲ್ಲ. ಅವನು ಮಾಂಸವನ್ನು ಅಗಿದು ರುಚಿ ನೋಡಿ ಅರ್ಪಿಸುತ್ತಾನೆ, ಬಾಯಲ್ಲಿ ತಂದ ನೀರಿನಿಂದ ಅಭಿಷೇಕ ಮಾಡುತ್ತಾನೆ, ಶಿವನ ಕಣ್ಣಿನ ಗುರುತಿಗೆ ಕಾಲನ್ನೇ ಇಡುತ್ತಾನೆ. ಮೈಲಿಗೆಯೆಂದು ಹೇಸಿದ ಅರ್ಚಕನ ಕನಸಿನಲ್ಲಿ ಶಿವನೇ ಕಾಣಿಸಿಕೊಂಡು ಆ ಕ್ರಿಯೆಗಳನ್ನು ಪ್ರೀತಿಯೆಂದು ವಿವರಿಸುತ್ತಾನೆ. ಬೇಟೆ, ಎಂಜಲು, ಮಾಂಸ ಇವು ಭಕ್ತಿಗೆ ಅಡ್ಡಿಯಾಗುವುದಿಲ್ಲ. ಭಕ್ತಿಯ ಭಾಷೆಯೇ ಆಗುತ್ತವೆ. ಕನ್ನಡದಲ್ಲಿ ಹರಿಹರ ರಗಳೆಯ ನಾಯಕನನ್ನಾಗಿ ಮಾಡಿದ್ದೂ, ವಚನಕಾರರು ತಮ್ಮ ಪುರಾತನರಲ್ಲಿ ಒಬ್ಬನೆಂದು ನೆನೆದದ್ದೂ ಈ ಬೇಡನನ್ನೇ.

ದಿವ್ಯಲೋಕದಿಂದ ಇಳಿದು ಬರುವುದು ಪುರಾಣಕಾವ್ಯದ ರೂಢಿಯೇ ಅಲ್ಲವೇ ಎಂದು ಆಕ್ಷೇಪಿಸಬಹುದು. ನಿಜ, ಹರಿಹರನ ಬಸವಣ್ಣನೂ ಕೈಲಾಸದಿಂದ ಬಂದವನೇ. ಆದರೆ ಒಂದೇ ತಂತ್ರ ಎಲ್ಲ ಕಡೆಯೂ ಒಂದೇ ಪರಿಣಾಮವನ್ನು ಉಂಟುಮಾಡುವುದಿಲ್ಲ. ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಬಸವಣ್ಣನಿಗೆ ಕೈಲಾಸದ ಮೂಲ ಅಲಂಕಾರ. ಬೇಡನಿಗೆ ಅದು ಅರ್ಹತಾಪತ್ರ. ತೆಲುಗಿನ ‘ಭಕ್ತ ಕನ್ನಪ್ಪ’ದಲ್ಲಿಯೂ (1976) ನಾಯಕ ಹಿಂದಿನ ಜನ್ಮದಲ್ಲಿ ಅರ್ಜುನ. ಬೇಡನಿಗೆ ಪೂರ್ವಜನ್ಮದ ಕುಲೀನತೆಯನ್ನು ಒದಗಿಸುವ ಅಗತ್ಯ ಚಿತ್ರಗಳಿಗೆ ಮತ್ತೆ ಮತ್ತೆ ಏಕೆ ಬೀಳುತ್ತದೆ?

ಈ ಕಥೆಯ ಆಕರ್ಷಣೆ ಇನ್ನೂ ಮುಗಿದಿಲ್ಲ. ‘ಶಿವ ಮೆಚ್ಚಿದ ಕಣ್ಣಪ್ಪ’ದಲ್ಲಿ (1988) ಶಿವರಾಜ್‌ಕುಮಾರ್ ಕಣ್ಣಪ್ಪನಾದಾಗ, ಹಿಂದೆ ಬೇಡನಾಗಿದ್ದ ರಾಜ್‌ಕುಮಾರ್ ಶಿವನಾದರು. 2025ರಲ್ಲಿ ತೆಲುಗಿನಲ್ಲಿ ‘ಕಣ್ಣಪ್ಪ’ ಮತ್ತೊಮ್ಮೆ ತೆರೆಗೆ ಬಂದಿತು.

ಸಾಹಿತ್ಯ ವಿಭಾಗಗಳಲ್ಲಿ ಸಿನಿಮಾ ಓದುವ ನಾವು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಭಕ್ತನ ಬದುಕಿನ ಕ್ರಮಕ್ಕೆ ಚಿತ್ರದಲ್ಲಿ ಸ್ವಂತ ಮೌಲ್ಯವಿದೆಯೇ? ಅವನ ಯೋಗ್ಯತೆಯನ್ನು ನಿರ್ಧರಿಸುವವರು ಯಾರು? ಅವನಿಗೆ ಮುಕ್ತಿ ದೊರೆತ ಮೇಲೆ ಅವನ ಸಮುದಾಯದ ಸ್ಥಿತಿ ಏನಾಗುತ್ತದೆ? ಬೇಡ, ನಾಯಕ ಸಮುದಾಯಗಳ ವಿದ್ಯಾರ್ಥಿಗಳು ಇಂದು ನಮ್ಮ ತರಗತಿಗಳಲ್ಲಿದ್ದಾರೆ. ಕಣ್ಣಪ್ಪನನ್ನು ಶಾಪಗ್ರಸ್ತ ಗಂಧರ್ವನೆಂದು ಪಾಠ ಹೇಳುವುದಕ್ಕೂ ಬೇಡನೆಂದು ಹೇಳುವುದಕ್ಕೂ ಇರುವ ಅಂತರ ಅವರಿಗೆ ಬಹುಬೇಗ ಅರ್ಥವಾಗುತ್ತದೆ.