ಹಳೆಯ ಕಾರು ಹಿಂದಿನವನಿಗೆ ಕಾಣಲಿ

ಹಳೆಯ ಕಾರುಗಳ ಮೇಲಿನ ಮಮತೆ ನಮ್ಮಲ್ಲಿ ಅನೇಕರಿಗೆ ಉಂಟು. ನಮ್ಮ ಮನೆಯಲ್ಲಿಯೂ ತಂದೆಯವರ ಕಾಲದ ಅಂಬಾಸಡರ್ ಒಂದಿದೆ. ಮಳೆಗಾಲದ ಒಂದು ಮುಸ್ಸಂಜೆ ಅದರಲ್ಲಿ ಮೈಸೂರಿನ ಕಡೆಗೆ ಬರುತ್ತಿದ್ದಾಗ ಎಮ್ಮೆಯೊಂದು ಅಡ್ಡ ಬಂದಿತು. ನಾವು ಬ್ರೇಕು ಒತ್ತಿದೆವು. ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದ ತರುಣನು ಕಟ್ಟಕಡೆಯ ಗಳಿಗೆಯಲ್ಲಿ ಪಕ್ಕಕ್ಕೆ ತಿರುಗಿಸಿ ಕೆಸರಿನಲ್ಲಿ ಬಿದ್ದನು. ಪುಣ್ಯವಶಾತ್ ಮೊಣಕೈ ತರಚಿದುದನ್ನು ಬಿಟ್ಟರೆ ಬೇರೆ ಪೆಟ್ಟಾಗಲಿಲ್ಲ. “ನಿಮ್ಮ ಕಾರಿನ ಹಿಂದಿನ ದೀಪವೇ ಹತ್ತಲಿಲ್ಲವಲ್ಲ, ಸಾರ್” ಎಂದನು. ಹೋಗಿ ನೋಡಿದರೆ ದೀಪ ಹತ್ತುತ್ತಲೇ ಇದ್ದಿತು. ಆದರೆ ಅವನು ಸುಳ್ಳಾಡಿರಲಿಲ್ಲ. ದೀಪ ಉರಿಯುವುದು ಬೇರೆ, ಅದು ಕಾಣುವುದು ಬೇರೆ ಎಂಬ ಪಾಠವನ್ನು ಭೌತಶಾಸ್ತ್ರ ಬೋಧಿಸುವ ನಾವು ಅಂದು ರಸ್ತೆಯ ಬದಿಯಲ್ಲಿ ನಿಂತು ಕಲಿಯಬೇಕಾಯಿತು.

ಇದಕ್ಕೆ ಕಾರಣಗಳೇನು? ಬ್ರೇಕಿನ ದೀಪದಲ್ಲಿ ಸಾಮಾನ್ಯವಾಗಿರುವುದು 12 ವೋಲ್ಟಿನ, 21 ವಾಟಿನ ಬುರುಡೆ. ಅದರಲ್ಲಿ ಹರಿಯುವ ಪ್ರವಾಹ 1.75 ಆಂಪೇರ್, ಎಂದರೆ ಉರಿಯುವ ತಂತುವಿನ ರೋಧ ಸುಮಾರು 7 ಓಮ್ ಮಾತ್ರ. ಹಲವು ದಶಕಗಳ ತುಕ್ಕು ಹಿಡಿದ ಹಿಡಿಕೆಯಲ್ಲಿ, ಸಡಿಲವಾದ ತಂತಿಯಲ್ಲಿ ಮುಕ್ಕಾಲು ಓಮಿನಷ್ಟು ರೋಧ ಸೇರಿಕೊಂಡರೂ ಬುರುಡೆಗೆ ದೊರೆಯುವ ವೋಲ್ಟೇಜು ಹತ್ತರಲ್ಲಿ ಒಂದು ಪಾಲು ತಗ್ಗುತ್ತದೆ. ತಗ್ಗಿದುದು ಹತ್ತರಲ್ಲಿ ಒಂದೇ ಪಾಲಲ್ಲವೆ ಎಂದು ನಿರ್ಲಕ್ಷಿಸುವಂತಿಲ್ಲ. ತಂತುದೀಪದ ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತಕ್ಕೆ ಅನುಗುಣವಾಗಿ ಬದಲಾಗುವುದರಿಂದ, ಬೆಳಕಿನಲ್ಲಿ ಆಗುವ ನಷ್ಟ ಶೇಕಡ 30ರಷ್ಟು! ಇದರ ಮೇಲೆ ಬುರುಡೆಯ ಹಿಂದಿನ ಪ್ರತಿಫಲಕ ಹೊಳಪಳಿದು, ಮುಂದಿನ ಕೆಂಪು ಗಾಜು ಮಸುಕಾಗಿದ್ದರೆ ಉಳಿದುದರಲ್ಲಿಯೂ ಬಹುಭಾಗ ಡಬ್ಬಿಯೊಳಗೇ ಕಳೆದುಹೋಗುತ್ತದೆ.

ಎರಡನೆಯದು ಕಾಲದ ಮಾತು. ತಂತುವು ಕಾದು ಬೆಳಗಬೇಕು. ಪೂರ್ಣಪ್ರಕಾಶ ಬರಲು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತು ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ವಾಹನ ಅಷ್ಟರಲ್ಲಿ 3 ಮೀಟರಿಗಿಂತ ಹೆಚ್ಚು ದೂರ ಮುಂದೆ ಬಂದಿರುತ್ತದೆ. ಆ ಸಂಜೆ ಸ್ಕೂಟರಿನ ತರುಣನಿಗೆ ಬೇಕಾಗಿದ್ದುದು ಬಹುಶಃ ಆ 3 ಮೀಟರುಗಳೇ. ಎಲ್‌ಇಡಿ ದೀಪಕ್ಕೆ ಕಾಯುವ ಅಗತ್ಯವಿಲ್ಲ. ಪ್ರವಾಹ ಹರಿದೊಡನೆ, ಕಣ್ಣಿಗೆ ತಿಳಿಯುವಷ್ಟೂ ತಡವಿಲ್ಲದೆ ಅದು ಬೆಳಗುತ್ತದೆ.

ಹೀಗಿದ್ದರೂ ಕಾರುಪ್ರಿಯರು ಅನೇಕರು ಬುರುಡೆ ಬದಲಿಸಲು ಒಪ್ಪುವುದಿಲ್ಲ. “ಕಾರು ಹುಟ್ಟಿದಂತೆಯೇ ಇರಬೇಕು” ಎನ್ನುವರು. ಈ ವಾದವನ್ನು ನಾವು ಹಗುರವಾಗಿ ಕಾಣುವುದಿಲ್ಲ. 50 ವರ್ಷ ದಾಟಿದ ವಿಂಟೇಜ್ ವಾಹನಗಳ ನೋಂದಣಿಗಾಗಿ 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮಗಳು ಕೂಡ ವಾಹನ ಮೂಲರೂಪದಲ್ಲಿರಬೇಕೆಂದೂ, ಷಾಸಿ, ಒಡಲು, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಕೂಡದೆಂದೂ ಹೇಳುತ್ತವೆ. ಆದರೆ ಬುರುಡೆಯು ಟಯರಿನಂತೆ, ಬ್ಯಾಟರಿಯಂತೆ ಸವೆದು ಬದಲಾಗುವ ವಸ್ತು. ಕಾರ್ಖಾನೆಯಿಂದ ಹೊರಟ ದಿನದ ಬುರುಡೆಯನ್ನೇ ಇಂದಿಗೂ ಉರಿಸುತ್ತಿರುವ ಕಾರು ಎಲ್ಲಿದೆ? ಹೊರಗಿನ ಗಾಜು, ಅದರ ಆಕಾರ, ಅದರ ಅಂದ ಹಾಗೆಯೇ ಉಳಿದು ಒಳಗಿನ ಬೆಳಕು ಮಾತ್ರ ಹೆಚ್ಚಿದರೆ ಕಾರಿಗೆ ಅಪಚಾರವಾಗದೆಂಬುದು ನಮ್ಮ ಅಭಿಪ್ರಾಯ.

ಆದರೆ ವಿವೇಕವಿಲ್ಲದ ಉತ್ಸಾಹವೂ ಸಲ್ಲದು. ಮೊದಲು ತುಕ್ಕನ್ನು ಉಜ್ಜಿ ತೆಗೆಯಬೇಕು. ತಂತಿಯ ಕೊನೆಗಳನ್ನು ಬಿಗಿ ಮಾಡಬೇಕು. ಪ್ರತಿಫಲಕಕ್ಕೆ ಬೆಳ್ಳಿಬಣ್ಣ ಬಳಿಯಬೇಕು. ಅನೇಕ ವೇಳೆ ಇಷ್ಟೇ ಸಾಕಾದೀತು. ಸಾಲದಿದ್ದರೆ ಎಲ್‌ಇಡಿ ಹಾಕಬಹುದು. ಕೆಂಪು ಗಾಜಿನ ಹಿಂದೆ ಕೆಂಪು ಎಲ್‌ಇಡಿಯನ್ನೇ ಹಾಕಬೇಕು. ಬಿಳಿಯ ಎಲ್‌ಇಡಿಯ ಬೆಳಕಿನಲ್ಲಿ ನೀಲಿ ಮತ್ತು ಹಳದಿಯ ಅಂಶ ಹೆಚ್ಚು, ಕೆಂಪಿನ ಅಂಶ ಕಡಮೆ. ಕೆಂಪು ಗಾಜು ಅದರ ಬಹುಪಾಲನ್ನು ಹೀರಿಕೊಳ್ಳುವುದು. ಬ್ರಿಟನ್ನಿನ ಹಳೆಯ ಕಾರುಗಳು ಹಲವುಗಳಲ್ಲಿ ಬ್ಯಾಟರಿಯ ಧನಧ್ರುವವನ್ನು ಒಡಲಿಗೆ ಜೋಡಿಸಿರುತ್ತಾರೆ. ಎಲ್‌ಇಡಿಯು ಪ್ರವಾಹವನ್ನು ಒಂದೇ ದಿಕ್ಕಿನಲ್ಲಿ ಬಿಡುವುದರಿಂದ ಇದನ್ನು ನೋಡಿಕೊಂಡೇ ಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸದಾ ಉರಿಯುವ 5 ವಾಟಿನ ದೀಪಕ್ಕೂ ಬ್ರೇಕಿನ 21 ವಾಟಿನ ದೀಪಕ್ಕೂ ಇರುವ ಅಂತರ ಉಳಿಯಲೇಬೇಕು. ಎರಡೂ ಕಣ್ಣು ಕೋರೈಸುವಂತಿದ್ದರೆ ಹಿಂದಿನವನಿಗೆ ಕಾರು ನಿಲ್ಲುತ್ತಿದೆಯೋ ಓಡುತ್ತಿದೆಯೋ ತಿಳಿಯದು.

ಹಿಂದಿನ ಗಾಜಿನ ಒಳಗೆ, ರಂಧ್ರ ಕೊರೆಯದೆ, ಮೂರನೆಯ ಬ್ರೇಕುದೀಪ ಇಡುವುದೂ ಉತ್ತಮ ಉಪಾಯ. ಅಮೆರಿಕದಲ್ಲಿ 1986ರ ಮಾದರಿಯಿಂದ ಹೊಸ ಕಾರುಗಳಿಗೆ ಇಂಥ ಎತ್ತರದ ದೀಪ ಕಡ್ಡಾಯವಾಯಿತು. ಇದರಿಂದ ಹಿಂಬದಿಯ ಡಿಕ್ಕಿಗಳು ಶೇಕಡ 4.3ರಷ್ಟು ತಗ್ಗಿದುವೆಂದು ಅಲ್ಲಿನ ಸರ್ಕಾರದ 1998ರ ವರದಿ ಅಂದಾಜು ಮಾಡಿತು. ದೀಪವೊಂದರ ಬೆಲೆಗೆ ಇದು ಅಲ್ಪ ಲಾಭವಲ್ಲ.

ವಿದ್ಯಾರ್ಥಿಗಳಾದ ನೀವು ಇದನ್ನು ನಮ್ಮ ಮಾತಿನ ಮೇಲೆ ನಂಬಬೇಕಾಗಿಲ್ಲ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಹಳೆಯ ಕಾರಿದ್ದರೆ ಮುಸ್ಸಂಜೆಯ ಹೊತ್ತು, ವಾಹನಸಂಚಾರವಿಲ್ಲದ ಕಡೆ, ಐವತ್ತು ಹೆಜ್ಜೆ ಹಿಂದೆ ನಿಂತು, ಹಿರಿಯರಿಗೆ ಬ್ರೇಕು ಒತ್ತಲು ಹೇಳಿ ನೋಡಿರಿ. ಬ್ರೇಕು ಒತ್ತಿದ್ದಾಗ ಬ್ಯಾಟರಿಯ ಬಳಿಯೂ ಬುರುಡೆಯ ಬಳಿಯೂ ವೋಲ್ಟೇಜನ್ನು ಅಳೆಯಿರಿ. ಅಂತರ ಒಂದು ವೋಲ್ಟನ್ನು ಮೀರಿದರೆ ತುಕ್ಕನ್ನು ಹುಡುಕಿರಿ. ನಮ್ಮ ಕಾರಿನಲ್ಲಿ ನಾವು ಮಾಡಿದುದು ಇದನ್ನೇ. ಚಾಲಕನು ತನ್ನ ಆಸನದಲ್ಲಿ ಕುಳಿತು ಮುಂದಿನ ದೀಪದ ಬೆಳಕನ್ನು ನೋಡಬಲ್ಲನು, ಹಿಂದಿನದನ್ನು ನೋಡಲಾರನು. ಅದು ಇರುವುದು ಪರರಿಗಾಗಿ. ಆದುದರಿಂದಲೇ ಅದರ ಮೇಲೆ ನಮ್ಮ ಗಮನ ಹೆಚ್ಚಾಗಿರಬೇಕು.