ಸೆರೆಮನೆಯಿಂದ ಅಧಿಕಾರಕ್ಕೆ: ಜಾರ್ಜ್ ಫರ್ನಾಂಡಿಸ್ ಮತ್ತು ಕಿಮ್ ದೇ ಜುಂಗ್

ಔರಾದ್ ತಾಲೂಕಿನ ಎಕಂಬಾದಿಂದ ನೋಡಿದರೆ ಸಿಯೋಲ್ ಇರಲಿ, ಮಂಗಳೂರೇ ದೂರದ ಊರು. ಆದರೂ ಅಲ್ಲಿಯ ಕಥೋಲಿಕ ಕುಟುಂಬದಲ್ಲಿ 1930ರಲ್ಲಿ ಜನಿಸಿದ ಜಾರ್ಜ್ ಫರ್ನಾಂಡಿಸರನ್ನು ನಮ್ಮವರೆಂದೇ ಹೇಳಿಕೊಳ್ಳುತ್ತೇವೆ. ಹಾಗೆ ಹೇಳುವಾಗ ಅವರ ಬದುಕಿನ ಪೂರ್ವಾರ್ಧವನ್ನಷ್ಟೇ ನೆನೆಯುವುದು ನಮ್ಮ ರೂಢಿ. ದಕ್ಷಿಣ ಕೊರಿಯಾದ ಅಧ್ಯಕ್ಷರಾಗಿದ್ದ ಕಿಮ್ ದೇ ಜುಂಗ್ ಅವರ ಜೀವನವನ್ನು ಪಕ್ಕದಲ್ಲಿಟ್ಟು ನೋಡಿದಾಗ ಉತ್ತರಾರ್ಧವೂ ವಿಚಾರಾರ್ಹವೆನಿಸುತ್ತದೆ.

ಆರಂಭದಲ್ಲಿ ಇಬ್ಬರದೂ ಒಂದೇ ಹಾದಿ. ಬೆಂಗಳೂರಿನ ಗುರುಮಠವನ್ನು ತೊರೆದು ಮುಂಬಯಿಯ ಕಾರ್ಮಿಕ ನಾಯಕರಾದ ಜಾರ್ಜರು 1974ರ ರೈಲ್ವೆ ಮುಷ್ಕರವನ್ನು ಮುನ್ನಡೆಸಿದರು. ತುರ್ತುಪರಿಸ್ಥಿತಿಯಲ್ಲಿ ಭೂಗತರಾಗಿ 1976ರಲ್ಲಿ ಸೆರೆಸಿಕ್ಕರು. ಮರುವರ್ಷ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರ್‌ಪುರದಿಂದ ಲೋಕಸಭೆಗೆ ಗೆದ್ದರು. ಥಾಮಸ್ ಮೋರ್ ಎಂಬ ಹೆಸರಿನಲ್ಲಿ ಸ್ನಾನದೀಕ್ಷೆ ಪಡೆದಿದ್ದ ಕಿಮ್ ಅವರನ್ನು 1973ರಲ್ಲಿ ಸ್ವದೇಶದ ಗುಪ್ತಚರರೇ ಟೋಕಿಯೋದ ಹೋಟೆಲಿನಿಂದ ಅಪಹರಿಸಿದರು. 1980ರಲ್ಲಿ ಸೈನಿಕ ನ್ಯಾಯಾಲಯವು ಅವರಿಗೆ ಮರಣದಂಡನೆ ವಿಧಿಸಿತು. ಜಗದ್ಗುರು ಎರಡನೆಯ ಜಾನ್ ಪಾಲರೂ ಸೇರಿ ಅನೇಕರು ಮೊರೆಯಿಟ್ಟ ಬಳಿಕ ಅದು ಜೀವಾವಧಿಗೆ ಇಳಿಯಿತು.

1998ರಲ್ಲಿ ಕಿಮ್ ಅಧ್ಯಕ್ಷರಾದರು, ಜಾರ್ಜರು ರಕ್ಷಣಾ ಸಚಿವರಾದರು. ದಾರಿ ಕವಲೊಡೆದದ್ದು ಇಲ್ಲಿಯೇ.

1999ರ ಜನವರಿಯಲ್ಲಿ ಒರಿಸ್ಸಾದ ಮನೋಹರಪುರದಲ್ಲಿ ಕುಷ್ಠರೋಗಿಗಳ ಸೇವಕ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಎಳೆಯ ಗಂಡುಮಕ್ಕಳನ್ನು ಜೀಪಿನಲ್ಲಿಯೇ ಸುಡಲಾಯಿತು. ಅಲ್ಲಿಗೆ ತೆರಳಿದ ಮೂವರು ಸಚಿವರ ತಂಡದಲ್ಲಿ ಜಾರ್ಜರಿದ್ದರು. ಸರಕಾರವನ್ನು ಅಸ್ಥಿರಗೊಳಿಸುವ ಅಂತರರಾಷ್ಟ್ರೀಯ ಸಂಚಿದು ಎಂದು ತಂಡ ಸಾರಿತು. ಮುಂದೆ ವಾಧ್ವಾ ಆಯೋಗ ಬೊಟ್ಟು ಮಾಡಿದ್ದು ದಾರಾ ಸಿಂಗನತ್ತ.

ಮೈತ್ರಿಕೂಟದ ಅನಿವಾರ್ಯತೆ ಅದೆಂದು ಸಮರ್ಥಿಸುವವರುಂಟು. ಆ ವಾದವನ್ನು ನಾವು ಒಪ್ಪಲಾರೆವು. ಕಿಮ್ ಅವರ ಮೈತ್ರಿ ಅದಕ್ಕಿಂತಲೂ ಕಹಿಯಾದುದಾಗಿತ್ತು: ತಮ್ಮನ್ನು ಅಪಹರಿಸಿದ ಗುಪ್ತಚರ ಸಂಸ್ಥೆಯ ಸ್ಥಾಪಕ ಕಿಮ್ ಜಾಂಗ್ ಪಿಲ್‌ರನ್ನೇ ಅವರು ಪ್ರಧಾನಿಯಾಗಿಸಬೇಕಾಯಿತು. ತಮಗೆ ಮರಣದಂಡನೆಯಾದಾಗ ಆಳುತ್ತಿದ್ದ ಚುನ್ ದೂ ಹ್ವಾನ್‌ರ ಬಿಡುಗಡೆಗೂ ಸಮ್ಮತಿಸಿದರು. ಆದರೂ ಅವರ ಆಡಳಿತದ ಐದು ವರ್ಷಗಳಲ್ಲಿ ಒಬ್ಬ ಕೈದಿಯನ್ನೂ ಗಲ್ಲಿಗೇರಿಸಲಿಲ್ಲ. ಕಿಮ್ ನಿಷ್ಕಳಂಕರೇನೂ ಅಲ್ಲ. ಇಬ್ಬರು ಪುತ್ರರು ಲಂಚದ ಪ್ರಕರಣದಲ್ಲಿ ಜೈಲು ಕಂಡರು, 2000ದ ಪ್ಯೋಂಗ್ಯಾಂಗ್ ಭೇಟಿಯ ಹಿಂದೆ ಗುಪ್ತ ಹಣ ಸಾಗಿದ್ದೂ ಬಯಲಾಯಿತು.

ಜಾರ್ಜರು ಹೃದಯಹೀನರಾಗಿದ್ದರೆಂದು ನಾವು ಹೇಳುತ್ತಿಲ್ಲ. ಬರ್ಮಾದ ಸೈನಿಕ ಆಡಳಿತಕ್ಕೆ ಹೆದರಿ ಓಡಿಬಂದ ವಿದ್ಯಾರ್ಥಿಗಳಿಗೆ ದೆಹಲಿಯ ತಮ್ಮ ಸರಕಾರಿ ಬಂಗಲೆಯಲ್ಲಿಯೇ ಆಶ್ರಯ ಕೊಟ್ಟಿದ್ದವರು ಅವರು. ಮನೋಹರಪುರದ ವಿಷಯದಲ್ಲಿ ಅವರಾಡಿದ ಮಾತು ನಮ್ಮನ್ನು ಇಷ್ಟು ನೋಯಿಸಿದ್ದು ಆ ಕಾರಣಕ್ಕಾಗಿಯೇ.